ಮಾಷ್ಟ್ರಲ್ಲಿ ಕೇಳಿ: ಪಂಕ್ ಫೋಟೋ, ಸ್ಟೆನ್ಸಿಲ್ ಪ್ರಿಂಟ್

ಪ್ರಶ್ನೆ: ಮಾಷ್ಟ್ರೇ, ಪಂಕ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಕ್ಲ್ಯಾಶ್ ಬ್ಯಾಂಡಿನವ ಗಿಟಾರನ್ನು ನೆಲಕ್ಕೆ ಬಡಿಯುವ ಫೋಟೋ ಇದೆಯಲ್ಲ, ಅದನ್ನು ನೋಡಿ ಮಾಡಿದ ಸ್ಟೆನ್ಸಿಲ್ ಪ್ರಿಂಟ್ ಒಂದು ಮಾರಾಟಕ್ಕಿದೆ. ಐವತ್ತೇ ಪ್ರತಿಯಂತೆ. ಮೂಲೆಯಲ್ಲಿ ಪೆನ್ಸಿಲಿನಿಂದ 17/50 ಎಂದು ಬರೆದಿದೆ. ನನಗೆ ಕೊಳ್ಳುವ ಆಸೆ. ಅಪ್ಪ ಮಾತ್ರ, ‘ಅಡಿಕೆ ಗೋಣಿಗೆ ಮಾರ್ಕು ಹೊಡೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?’ ಎನ್ನುತ್ತಾರೆ. ಏನು ಹೇಳಲಿ?
– ಓದುಗ, ಪೆರ್ಲ

ಉತ್ತರ: ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಕೆಲಸದ ಕ್ರಮ ಎರಡರದ್ದೂ ಒಂದೇ: ತಗಡನ್ನೋ ದಪ್ಪ ಕಾಗದವನ್ನೋ ಕತ್ತರಿಸಿ ಅದರ ಮೇಲಿಂದ ಬಣ್ಣ ಹಾಯಿಸುವುದು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಾಗ ಮಕ್ಕಳಿಗೆ ನಾನು ಹಳೆಯ ಎಕ್ಸ್‌ರೇ ಫಿಲ್ಮ್ ಕೊಡುತ್ತಿದ್ದೆ. ಬಣ್ಣ ತಾಗಿದರೆ ಮೆತ್ತಗಾಗುವುದಿಲ್ಲ, ಒರೆಸಿ ಮತ್ತೆ ಬಳಸಬಹುದು. ವ್ಯತ್ಯಾಸ ಇರುವುದು ಏನನ್ನು ಕತ್ತರಿಸುತ್ತೇವೆ ಎಂಬಲ್ಲಿ. ಗೋಣಿಯ ಅಕ್ಷರಕ್ಕೆ ಅಂಚು ಮೊದಲೇ ಇದೆ. ಈ ಫೋಟೋದಲ್ಲಿ ಅಂಚೇ ಸರಿಯಾಗಿಲ್ಲ.

ಪೆನಿ ಸ್ಮಿತ್ ಅದನ್ನು ತೆಗೆದದ್ದು 1979ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಪಲೇಡಿಯಂ ಸಭಾಂಗಣದಲ್ಲಿ. ಪಾಲ್ ಸಿಮೊನನ್ ಬೇಸ್ ಗಿಟಾರನ್ನು ತಲೆಕೆಳಗು ಹಿಡಿದು ವೇದಿಕೆಗೆ ಅಪ್ಪಳಿಸುವ ಹೊತ್ತು. ಫೋಕಸ್ ತಪ್ಪಿತು. ಈ ಚಿತ್ರ ಬೇಡವೆಂದು ಸ್ಮಿತ್ ಅವರೇ ಹೇಳಿದ್ದರು. ಬ್ಯಾಂಡಿನ ಜೋ ಸ್ಟ್ರಮ್ಮರ್ ಹಟ ಹಿಡಿದರು. ಆ ಡಿಸೆಂಬರಿನಲ್ಲಿ ಅದೇ ‘ಲಂಡನ್ ಕಾಲಿಂಗ್’ ರೆಕಾರ್ಡಿನ ಮುಖಪುಟವಾಯಿತು. ಗಲ್ಫಿನಿಂದ ಭಾವ ತಂದ ಕ್ಯಾಸೆಟ್ಟಿನಲ್ಲಿ ನಾನು ಮೊದಲು ಅದನ್ನು ಕಂಡೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಚಿತ್ರ, ಆದರೂ ಆ ಮಸುಕಿನಿಂದಲೇ ಹೊಡೆತದ ರಭಸ ಗೊತ್ತಾಗುತ್ತಿತ್ತು.

ಸ್ಟೆನ್ಸಿಲಿನಲ್ಲಿ ಮಸುಕು ಕತ್ತರಿಸಲು ಬರುವುದಿಲ್ಲ. ಇಲ್ಲಿ ಬಣ್ಣ ಉಂಟು, ಅಲ್ಲಿ ಇಲ್ಲ, ಅಷ್ಟೇ. ಕೈ ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ತೊಡಗಿತು ಎಂದು ಬ್ಲೇಡು ಹಿಡಿದವರೇ ತೀರ್ಮಾನಿಸಬೇಕು. ನೀವು ಹಣ ಕೊಡುವುದು ಆ ತೀರ್ಮಾನಕ್ಕೆ. ಬೂದುಬಣ್ಣಕ್ಕೆ ಬೇರೆ ಪದರ ಕತ್ತರಿಸಿದ್ದಾರೆಯೇ ನೋಡಿ. ಕಪ್ಪಿನ ನಡುವೆ ಉಳಿಯಬೇಕಾದ ಬಿಳಿಯ ತುಂಡು ಉದುರದಂತೆ ಹಿಡಿದಿಡಲು ಸಣ್ಣ ಪಟ್ಟಿ ಬಿಟ್ಟಿರುತ್ತಾರೆ; ಆ ಪಟ್ಟಿ ಎಲ್ಲೆಲ್ಲಿ ಹಾದಿದೆ ನೋಡಿ. ಬಾಗಿದ ಬೆನ್ನಿನ ಓಟವನ್ನು ಅದು ಕಡಿದಿದ್ದರೆ ನನ್ನ ಮಟ್ಟಿಗೆ ಚಿತ್ರ ಸೋತಿತು. ಕಂಪ್ಯೂಟರಿನಲ್ಲಿ ಬರಿದೇ ಕಪ್ಪು-ಬಿಳುಪು ಮಾಡಿ ಕತ್ತರಿಸಿದ್ದಾದರೆ ಪ್ಯಾಂಟಿನ ಮಡಿಕೆಗೂ ಗಿಟಾರಿಗೂ ಒಂದೇ ತೂಕ ಬಂದಿರುತ್ತದೆ. ಅಂಥದ್ದು ಬೇಡ.

ಮಾರುವವರಲ್ಲಿ ಅಂಚಿನ ಹತ್ತಿರದ ಫೋಟೋ ಕೇಳಿ ತರಿಸಿಕೊಳ್ಳಿ. ಕೈಯಲ್ಲಿ ಸ್ಪ್ರೇ ಮಾಡಿದ್ದಾದರೆ ಅಂಚಿನಲ್ಲಿ ಎಲ್ಲಾದರೂ ಬಣ್ಣದ ಧೂಳು ಕೂತಿರುತ್ತದೆ, ಒಂದು ಪದರ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಸರಿದಿರುತ್ತದೆ. ಅಂಚೆಲ್ಲ ಚೊಕ್ಕವಾಗಿ, ಬಣ್ಣ ಸಮತಟ್ಟಾಗಿ ಕೂತಿದ್ದರೆ ಅದು ಬಹುಶಃ ಸ್ಕ್ರೀನ್ ಪ್ರಿಂಟ್. ಅದೂ ಒಳ್ಳೆಯ ಕೆಲಸವೇ, ಆದರೆ ಹಾಗೆಂದು ಹೇಳಿಯೇ ಮಾರಬೇಕು. ಭೂತಗನ್ನಡಿಯಲ್ಲಿ ಬಣ್ಣಬಣ್ಣದ ಚುಕ್ಕಿ ಕಂಡರೆ ಪ್ರಿಂಟರಿನಿಂದ ಬಂದದ್ದು, ಬಿಟ್ಟುಬಿಡಿ.

ಪ್ರಶ್ನೆ: 1/50ಕ್ಕೆ 50/50ಕ್ಕಿಂತ ಬೆಲೆ ಹೆಚ್ಚೇ? ‘ಎ.ಪಿ.’ ಎಂದು ಬರೆದಿದ್ದರೆ?
– ಓದುಗರು, ಬದಿಯಡ್ಕ

ಉತ್ತರ: ಸಂಖ್ಯೆಗೆ ಮರುಳಾಗಬೇಡಿ, ಮುದ್ರಿಸಿದ ಕ್ರಮದಲ್ಲೇ ಸಂಖ್ಯೆ ಹಾಕಬೇಕೆಂದಿಲ್ಲ. ಎ.ಪಿ. ಎಂದರೆ ಕಲಾವಿದರು ತಮಗಾಗಿ ತೆಗೆದಿಟ್ಟ ಪ್ರತಿ. ಅದು ಐವತ್ತರ ಲೆಕ್ಕಕ್ಕೆ ಹೊರಗೆ. ಅಂಥವು ಎಷ್ಟಿವೆ, ಇದೇ ಚಿತ್ರ ಬೇರೆ ಬಣ್ಣದಲ್ಲೋ ಅಳತೆಯಲ್ಲೋ ಬಂದಿದೆಯೇ ಎಂದು ಕೇಳಿ. ಕಾಗದದ ಸ್ಟೆನ್ಸಿಲ್ ಬಣ್ಣ ಕುಡಿದು ಬೇಗ ಹಾಳಾಗುವುದರಿಂದ ಪ್ರತಿಗಳು ತಾನಾಗಿಯೇ ಕಡಿಮೆ. ಸ್ಕ್ರೀನ್ ಪ್ರಿಂಟಿನಲ್ಲಿ ಇನ್ನೂ ಎಷ್ಟೋ ತೆಗೆಯಬಹುದು, ಐವತ್ತಕ್ಕೆ ನಿಲ್ಲಿಸುವುದು ಕೊಟ್ಟ ಮಾತಿನ ಮೇಲೆ.

ಪ್ರಶ್ನೆ: ಮಾಷ್ಟ್ರೇ, ನಾನೇ ಇಂಥ ಫೋಟೋಗಳಿಂದ ಸ್ಟೆನ್ಸಿಲ್ ಕತ್ತರಿಸಿ ಇಪ್ಪತ್ತು ಪ್ರತಿ ಮಾರಬಹುದೇ?
– ಕಾಲೇಜು ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಮನೆಯಲ್ಲಿ ಕತ್ತರಿಸಿ ಕಲಿ ಮಗಳೇ, ಎಷ್ಟು ಬೇಕಾದರೂ. ಮಾರುವುದಾದರೆ ಫೋಟೋ ತೆಗೆದವರ ಒಪ್ಪಿಗೆ ಬೇಕು. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸಿಡ್ ವಿಶಸ್ ಅವರದ್ದು ಡೆನಿಸ್ ಮೋರಿಸ್ ತೆಗೆದ ಒಂದು ಫೋಟೋ ಇದೆ. ಮಿಸ್ಟರ್ ಬ್ರೇನ್‌ವಾಷ್ ಹೆಸರಿನ ಕಲಾವಿದ ಥಿಯರಿ ಗೆಟ್ಟಾ ಅದನ್ನು ಕೇಳದೆ ಬಳಸಿದರು. 2013ರಲ್ಲಿ ಅಮೆರಿಕದ ನ್ಯಾಯಾಲಯ ಮೋರಿಸ್ ಅವರ ಪರ ತೀರ್ಪು ಕೊಟ್ಟಿತು. ನಮ್ಮಲ್ಲೂ 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕು ತೆಗೆದವರ ಜೀವಮಾನವಿಡೀ, ಮತ್ತೆ 60 ವರ್ಷ ಉಳಿಯುತ್ತದೆ.

ಸರಿಯಾದ ದಾರಿಯೂ ಉಂಟು. ಬ್ಲ್ಯಾಕ್ ಫ್ಲ್ಯಾಗ್, ಬ್ಯಾಡ್ ಬ್ರೇನ್ಸ್ ಬ್ಯಾಂಡುಗಳನ್ನು ಅವರ ಮೊದಲ ದಿನಗಳಲ್ಲೇ ಫೋಟೋದಲ್ಲಿ ಸೆರೆಹಿಡಿದ ಗ್ಲೆನ್ ಫ್ರೀಡ್‌ಮನ್ ಅವರ ಜತೆ ಸೇರಿ ಬೀದಿಗೋಡೆ ಕಲೆಯ ಕಲಾವಿದ ಶೆಪರ್ಡ್ ಫೇರಿ ಪ್ರಿಂಟುಗಳನ್ನು ಮಾಡಿದ್ದಾರೆ. ಕೆಲವದರಲ್ಲಿ ಇಬ್ಬರ ಸಹಿಯೂ ಇದೆ. ನಾನು ಆರಿಸಿ ಕೊಳ್ಳುವುದು ಅಂಥವನ್ನೇ. ವೇದಿಕೆಯ ಕೆಳಗೆ ನೂಕುನುಗ್ಗಲಿನಲ್ಲಿ ನಿಂತು ಆ ಕ್ಷಣ ಹಿಡಿದವರ ಹೆಸರು ಪ್ರಿಂಟಿನಲ್ಲಿ ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ನಿನ್ನ ಕಾಲೇಜಿನಲ್ಲಿ ಗಿಟಾರ್ ನುಡಿಸುವವರು ಇದ್ದಾರಲ್ಲ, ಅವರನ್ನು ಕೇಳಿ ನೀನೇ ಫೋಟೋ ತೆಗೆ. ಒಂದೇ ಕಡೆಯಿಂದ ಬೆಳಕು ಬೀಳಲಿ, ಕತ್ತರಿಸಲು ಸುಲಭ.

ಪ್ರಶ್ನೆ: ನಮ್ಮ ಮನೆ ಕಡಲ ಬದಿ. ಫ್ರೇಮ್ ಹಾಕಿಸಿದ ಪ್ರಿಂಟಿಗೆ ಬೂಷ್ಟು ಹಿಡಿಯುತ್ತಿದೆ.
– ಓದುಗರು, ಮಂಜೇಶ್ವರ

ಉತ್ತರ: ಫ್ರೇಮ್ ಬಿಚ್ಚಿಸಿ ನೋಡಿ. ಹಿಂದೆ ಹಾರ್ಡ್‌ಬೋರ್ಡ್, ಅಂಚಿಗೆ ಸೆಲ್ಲೋಟೇಪ್ ಇದ್ದರೆ ಎರಡನ್ನೂ ತೆಗೆಸಿ, ಆಮ್ಲವಿಲ್ಲದ ಮೌಂಟ್ ಬೋರ್ಡ್ ಹಾಕಿಸಿ. ಗಾಜು ಬಣ್ಣಕ್ಕೆ ತಾಗಬಾರದು. ತಾಗಿದರೆ ಆಟಿಯ ಮಳೆಗೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಬಣ್ಣವೂ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಮಳೆ ಹೊಡೆಯುವ ಪಡುಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ, ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬೆಣೆ ಕೊಟ್ಟು ಗೋಡೆಯಿಂದ ದೂರ ಇಡಿ, ಗಾಳಿಯಾಡಲಿ. ಈಗ ಹಿಡಿದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಹೊರಗೆ ಜಗಲಿಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ಕೊಡವಿ.