ರಾತ್ರಿ ಗಾಡಿ ಓಡಿಸುವವರಿಗೆ ಮಲ್ಟಿಫೋಕಲ್ ಲೆನ್ಸ್ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 59 ವರ್ಷ. ಸಕಲೇಶಪುರದ ಕಡೆಯವನು. ಸ್ವಂತ ಪಿಕಪ್ ಇದೆ. ರಾತ್ರಿ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಪೊರೆ ತೆಗೆದು ಕಣ್ಣೊಳಗೆ ಮಲ್ಟಿಫೋಕಲ್ ಲೆನ್ಸ್ ಹಾಕಿಸಿದರೆ ಕನ್ನಡಕದ ಗೊಡವೆಯೇ ಇರಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬೆಲೆ ಜಾಸ್ತಿ. ‘ದುಡ್ಡಿನ ಮುಖ ನೋಡಬೇಡಿ ಅಪ್ಪ’ ಅಂತಾನೆ ಮಗ. ಸಕ್ಕರೆ ಕಾಯಿಲೆಯೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಕಣ್ಣು ನೋಡದೆ ಕೊನೇ ಮಾತು ಹೇಳಲಾರೆ. ಆದರೆ ಪತ್ರ ಓದಿದ ಮಟ್ಟಿಗೆ ನನ್ನ ಒಲವು ಮಾಮೂಲಿ ಮೋನೋಫೋಕಲ್ ಲೆನ್ಸ್, ಅಂದರೆ ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್ ಕಡೆಗೆ. ಅದಕ್ಕೆ ಕಾರಣ ಶಿರಾಡಿ ಘಾಟಿ.

ಸಾಮಾನ್ಯವಾಗಿ ಮಲ್ಟಿಫೋಕಲ್ ಲೆನ್ಸ್ ಮೇಲೆ ಬಲು ಸಣ್ಣ ಉಂಗುರಗಳಿರುತ್ತವೆ. ಒಳಗೆ ಬಂದ ಬೆಳಕನ್ನು ಅವು ಪಾಲು ಮಾಡುತ್ತವೆ. ದೂರದ ನೋಟಕ್ಕೆ ಒಂದು ಪಾಲು, ಹತ್ತಿರದ್ದಕ್ಕೆ ಇನ್ನೊಂದು. ಹಗಲಲ್ಲಿ ಬೆಳಕು ಬೇಕಾದಷ್ಟಿರುತ್ತದೆ, ಪಾಲಾದರೂ ನಡೆಯುತ್ತದೆ. ರಾತ್ರಿ, ಮಳೆ, ಮಂಜಿನಲ್ಲಿ ಬೆಳಕೇ ಕಮ್ಮಿ. ಲೈಟ್ ಹಾಕದೆ ತಿರುವಿನಲ್ಲಿ ನಿಂತ ಲಾರಿ ಕತ್ತಲಲ್ಲಿ ಕತ್ತಲಾಗಿಯೇ ಉಳಿದೀತು. ಜೊತೆಗೆ ಎದುರು ಗಾಡಿಯ ಹೆಡ್‌ಲೈಟಿನ ಸುತ್ತ ಬೆಳಕಿನ ಬಳೆಗಳು ಕಾಣುತ್ತವೆ. ತುಂಬಾ ಜನಕ್ಕೆ ಕೆಲವು ತಿಂಗಳಲ್ಲಿ ಇದು ರೂಢಿಯಾಗುತ್ತದೆ. ಕೆಲವರಿಗೆ ಆಗುವುದೇ ಇಲ್ಲ. ನೀವು ಯಾವ ಸಾಲಿಗೆ ಸೇರುತ್ತೀರಿ ಅಂತ ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಲೆನ್ಸ್ ತೆಗೆದು ಬದಲಾಯಿಸಬಹುದು, ನಿಜ. ಆದರೆ ಅದು ಮತ್ತೊಂದು ಆಪರೇಷನ್, ಮೊದಲಿನದಕ್ಕಿಂತ ಕಷ್ಟದ್ದು.

ಬಣ್ಣದ ಬ್ರೋಷರ್‌ಗಳಲ್ಲಿ ಅಜ್ಜಂದಿರು ಬಿಸಿಲಲ್ಲಿ ಕೂತು ಪೇಪರ್ ಓದುತ್ತಿರುತ್ತಾರೆ. ನಡುರಾತ್ರಿ ಘಾಟಿ ಇಳಿಯುವವರ ಫೋಟೋ ನಾನಂತೂ ನೋಡಿಲ್ಲ!

ಇನ್ನು ಸಕ್ಕರೆ ಕಾಯಿಲೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಆಗಿದೆಯಾ ಕೇಳಿ. ನಡುಭಾಗದಲ್ಲಿ ಊತ ಅಥವಾ ಹಾನಿ ಇದ್ದರೆ ಮಲ್ಟಿಫೋಕಲ್ ಯೋಚನೆಯನ್ನು ಅಲ್ಲಿಗೇ ಬಿಡಿ. ಗ್ಲಾಕೋಮಾದಿಂದ ಕಣ್ಣಿನ ನರ ಹಾಳಾಗಿದ್ದರೂ ಅಷ್ಟೆ. ಕಣ್ಣು ಒಣಗಿ ಉರಿಯುತ್ತಿದ್ದರೆ ಮೊದಲು ಅದಕ್ಕೆ ಔಷಧಿ ಆಗಲಿ, ಇಲ್ಲದಿದ್ದರೆ ಲೆನ್ಸಿನ ಪವರ್ ಅಳತೆಯೇ ತಪ್ಪಬಹುದು. ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ಅದನ್ನು ಸರಿದೂಗಿಸುವ ಟೋರಿಕ್ ಲೆನ್ಸ್ ಬೇಕಾಗಬಹುದು. ಮೋನೋಫೋಕಲ್‌ನಲ್ಲೂ ಟೋರಿಕ್ ಸಿಗುತ್ತದೆ.

ಬೆಲೆ ಕಮ್ಮಿ ಅಂದ ಮಾತ್ರಕ್ಕೆ ಮೋನೋಫೋಕಲ್ ಕಳಪೆ ಅಲ್ಲ. ದೂರದ ನೋಟಕ್ಕೆ ಹೊಂದಿಸಿ ಹಾಕಿಸಿದರೆ ಬೆಳಕೆಲ್ಲ ರಸ್ತೆಗೇ ಸಿಗುತ್ತದೆ. ಡೀಸೆಲ್ ಬಿಲ್, ಮೊಬೈಲ್ ನೋಡಲು ಓದುವ ಕನ್ನಡಕ ಬೇಕು. ಸ್ಪೀಡೋಮೀಟರ್ ಸ್ವಲ್ಪ ಮಸುಕಾದೀತು. ಅದು ಕಿರಿಕಿರಿ ಅನ್ನಿಸುವುದಾದರೆ ಇಡಾಫ್ ಲೆನ್ಸ್ ಬಗ್ಗೆ ವಿಚಾರಿಸಿ. ದೂರದಿಂದ ಕೈ ಅಳತೆಯವರೆಗೆ ಅದು ಅನುಕೂಲ, ಬಳೆಗಳ ಕಾಟವೂ ಸಾಮಾನ್ಯವಾಗಿ ಕಮ್ಮಿ. ಸಣ್ಣ ಅಕ್ಷರಕ್ಕೆ ಮಾತ್ರ ಆಗಲೂ ಕನ್ನಡಕ ಬೇಕಾದೀತು.

ರಾತ್ರಿ ಓಡಾಟವಿಲ್ಲದ, ರೆಟಿನಾ ಚೆನ್ನಾಗಿರುವ, ಕನ್ನಡಕ ಕಂಡರಾಗದವರು ಕೇಳಿದ್ದರೆ ಮಲ್ಟಿಫೋಕಲ್ ಹಾಕಿಸಿ ಅಂತಲೇ ಹೇಳುತ್ತಿದ್ದೆ.

ಮಾಮೂಲಿ ಪೊರೆಗೆ ಇವತ್ತೇ ನಿರ್ಧರಿಸಬೇಕೆಂಬ ಅವಸರ ಇರುವುದಿಲ್ಲ. ಕೌನ್ಸೆಲರ್ ಹತ್ತಿರ ಅಲ್ಲ, ಆಪರೇಷನ್ ಮಾಡುವ ಡಾಕ್ಟರ್ ಹತ್ತಿರವೇ ಕೂತು, ‘ನನ್ನ ಕೆಲಸ ರಾತ್ರಿ ಡ್ರೈವಿಂಗ್’ ಎಂದು ಮೊದಲೇ ಹೇಳಿ. ಮಗನನ್ನೂ ಕರೆದುಕೊಂಡು ಹೋಗಿ. ಆಪರೇಷನ್ ಆದ ಮೇಲೆ ಅವರು ಸರಿ ಅನ್ನುವವರೆಗೆ ಸ್ಟೇರಿಂಗ್ ಮುಟ್ಟಬೇಡಿ, ಬಾಡಿಗೆ ಎಷ್ಟೇ ಬಂದರೂ.