ಸೋರುವ ಶಾಲೆ ಯಾರದು?

ಮಾನ್ಯರೇ,

ತಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎರಡು ಕೊಠಡಿಗಳು ಸೋರುತ್ತಿವೆ. ಗ್ರಾಮ ಪಂಚಾಯಿತಿಯವರು ‘ಅದು ಶಿಕ್ಷಣ ಇಲಾಖೆಯದು’ ಎನ್ನುತ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು ‘ಜಿಲ್ಲಾ ಪಂಚಾಯಿತಿಯಿಂದ ಅನುದಾನ ಬರಲಿ’ ಎನ್ನುತ್ತಾರೆ. ಹಾಗಾದರೆ ಶಾಲೆ ಯಾರದು ಎಂದು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾದ ತಾವು ಕೇಳಿದ್ದೀರಿ.

ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. 1992ರ 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಇವೆ; ಆದರೆ ಪಂಚಾಯಿತಿಗಳಿಗೆ ಎಷ್ಟು ಬಿಟ್ಟುಕೊಡಬೇಕೆಂಬುದು ರಾಜ್ಯಗಳ ಇಚ್ಛೆಗೆ ಉಳಿಯಿತು. ಗಡಿಯಾಚೆ ಮಹಾರಾಷ್ಟ್ರದ ಜತ್, ಅಕ್ಕಲಕೋಟೆ ತಾಲ್ಲೂಕುಗಳ ಕನ್ನಡ ಶಾಲೆಗಳನ್ನು ಜಿಲ್ಲಾ ಪರಿಷತ್ತೇ ನಡೆಸುತ್ತದೆ, ಅಲ್ಲಿನ ಮೇಷ್ಟ್ರುಗಳು ಪರಿಷತ್ತಿನ ನೌಕರರು. ನಮ್ಮಲ್ಲಿ ಸಂಬಳದ ಹಣ ಜಿಲ್ಲಾ ಪಂಚಾಯಿತಿಯ ಲೆಕ್ಕದಲ್ಲಿ ಹಾದು ಬಂದರೂ ನೇಮಕಾತಿ, ವರ್ಗಾವಣೆ ಇಲಾಖೆಯ ಕೈಯಲ್ಲೇ ಇವೆ. ದೂರು ಕೇಳಿಸಿಕೊಳ್ಳುವ ಕೆಲಸವನ್ನಷ್ಟೇ ಧಾರಾಳವಾಗಿ ಕೆಳಗಿಳಿಸಿದ್ದಾರೆ ಎನ್ನಬೇಕು.

ತಮ್ಮ ಸಮಿತಿಯ ಕೈ ಮಾತ್ರ ಬರಿದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗೂ ಅಲ್ಲಿ ಜಾಗವಿದೆ. 22ನೇ ಕಲಮು ಇನ್ನೂ ಮುಖ್ಯವಾದದ್ದು: ಸಮಿತಿ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು.

ಕಳೆದ ಮಳೆಗಾಲದಲ್ಲಿ ನಾನು ಹೋಗಿದ್ದ ಒಂದು ಶಾಲೆಯ ನಡಾವಳಿ ಪುಸ್ತಕದಲ್ಲಿ ಸತತ ಮೂರು ಸಭೆಗಳಿಗೆ ಒಂದೇ ಸಾಲಿತ್ತು: ‘ಶಾಲೆಯ ಕುಂದುಕೊರತೆಗಳ ಬಗ್ಗೆ ಚರ್ಚಿಸಲಾಯಿತು.’ ಕೆಳಗೆ ಸಹಿಗಳು, ಎರಡು ಹೆಬ್ಬೆಟ್ಟು. ಪಕ್ಕದ ಕೊಠಡಿಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳು ನೆನೆಯದಿರಲೆಂದು ಬೆಂಚುಗಳ ಮೇಲೇರಿದ್ದವು, ಮಕ್ಕಳು ಒದ್ದೆಯಿಲ್ಲದ ಮೂಲೆ ಹುಡುಕಿ ನೆಲದಲ್ಲಿ ಕೂತಿದ್ದರು. ಅಂಥ ಒಂದು ಸಾಲನ್ನಿಟ್ಟುಕೊಂಡು ಯಾವ ಎಂಜಿನಿಯರೂ ಅಂದಾಜುಪಟ್ಟಿ ಬರೆಯಲಾರ.

ಆದ್ದರಿಂದ ಯಾವ ಕೊಠಡಿ, ಹೆಂಚೋ ತಾರಸಿಯೋ, ಎಷ್ಟು ಅಡಿ ಉದ್ದ ಎಷ್ಟು ಅಗಲ, ಎಷ್ಟು ಮಕ್ಕಳು ಅಲ್ಲಿ ಕೂರುತ್ತಾರೆ, ಸೋರಿಕೆ ಯಾವ ವರ್ಷದಿಂದ ಎಂಬುದನ್ನೆಲ್ಲ ಯೋಜನೆಯಲ್ಲಿ ಬರೆಸಿ, ಅಧ್ಯಕ್ಷರ ಮತ್ತು ಮುಖ್ಯಶಿಕ್ಷಕರ ಸಹಿ ಮಾಡಿಸಿ, ಆರ್ಥಿಕ ವರ್ಷ ಮುಗಿಯುವ ಮೊದಲೇ ಸಲ್ಲಿಸಿ. ಸಮಿತಿಯಲ್ಲಿರುವ ಪಂಚಾಯಿತಿ ಸದಸ್ಯರಿಂದಲೇ ಅದನ್ನು ಗ್ರಾಮಸಭೆಯಲ್ಲಿ ಓದಿಸಿ. ಒಂದು ಪ್ರತಿಯನ್ನು ಪಂಚಾಯಿತಿಗೆ, ಇನ್ನೊಂದನ್ನು ಬಿಇಒ ಕಚೇರಿಗೆ ಕೊಡಿ. ಎರಡೂ ಕಡೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಮಾತ್ರ ಎದ್ದು ಬರಬೇಡಿ.

— ಸಂ.