ಭಾವನೆ ಮುಟ್ಟುವ ಜಾಹೀರಾತು ಬರೆಯುವುದು ಮೋಸವೇ?

ಜನರ ಭಾವನೆ ಕೆರಳಿಸಿ ಸಾಮಾನು ಮಾರುವುದು ಮೋಸ ಅಲ್ವಾ, ಜಾಹೀರಾತು ಬರವಣಿಗೆ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಇದು ಕಾಡುವುದಿಲ್ಲವಾ ಎಂದು ಕೇಳಿದ್ದೀರಿ. ನಾನು ಪದವಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ಜಾಹೀರಾತು ಬರವಣಿಗೆ ನಮಗೊಂದು ವಿಷಯ. ಹೌದು, ಕಾಡುತ್ತದೆ. ಆದರೆ ನನ್ನನ್ನು ಕಾಡುವುದು ಭಾವನೆಯ ಬಳಕೆ ಅಲ್ಲ.

ಭಾವನೆ ಬಿಟ್ಟು ಯಾರನ್ನಾದರೂ ಒಪ್ಪಿಸುವುದು ಬಹಳ ಕಷ್ಟ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ಇದನ್ನು ಹೇಳಿದ್ದ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ, ಈ ಮೂರರಿಂದಲೇ ಮಾತು ನಾಟುತ್ತದೆ. ಅಪ್ಪ ಮಗನಿಗೆ 'ಹೆಲ್ಮೆಟ್ ಹಾಕ್ಕೋ' ಅನ್ನುವಾಗ ಅಪಘಾತಗಳ ಲೆಕ್ಕ ಕೊಡುವುದಿಲ್ಲ. ಅದನ್ನು ಯಾರೂ ಮೋಸ ಅನ್ನುವುದಿಲ್ಲ.

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಕೈಯಲ್ಲಿ 5 ಡಾಲರ್ ಇದ್ದ ಜನರಿಗೆ, ಇಷ್ಟ ಬಂದಷ್ಟು ದಾನ ಮಾಡಿ ಎಂದು ಕೇಳಿದರು. ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ ಕೊಟ್ಟರು. ಇನ್ನು ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಕಥೆ ಹೇಳಿದರು. ಅಂಕಿ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು, ಹುಡುಗಿಯ ಕಥೆ ಓದಿದವರು 2.38 ಡಾಲರ್. ಕಥೆ ಮತ್ತು ಅಂಕಿ ಎರಡನ್ನೂ ಓದಿದವರು ಕೊಟ್ಟಿದ್ದು 1.43 ಮಾತ್ರ! ಅಂಕಿ ಸೇರಿದರೆ ಕಥೆಗೆ ಬಲ ಬರಬೇಕಿತ್ತು, ಆದರೆ ಅದು ಸೊರಗಿತು. ಲಕ್ಷಾಂತರ ಜನರ ಕಷ್ಟಕ್ಕಿಂತ ಒಂದು ಮುಖ ಬೇಗ ತಟ್ಟುತ್ತದೆ.

ಬರವಣಿಗೆಯಲ್ಲೂ ಇದೇ ನಡೆಯುತ್ತದೆ. 'ಅಮ್ಮನ ಅಪಾರ ಪ್ರೀತಿ' ಅಂತ ಬರೆದರೆ ಓದುವವರಿಗೆ ಏನೂ ಆಗುವುದಿಲ್ಲ. ಮಗಳು ಮನೆ ಸೇರುವವರೆಗೂ ಫೋನ್ ಕೈಯಲ್ಲೇ ಹಿಡಿದು ಕೂತ ಅಮ್ಮನನ್ನು ತೋರಿಸಿದರೆ, ಪ್ರೀತಿ ಅನ್ನುವ ಪದವೇ ಬೇಕಾಗುವುದಿಲ್ಲ. ಭಾವನೆಯ ಹೆಸರು ಹೇಳಬೇಡಿ, ಅದು ಹುಟ್ಟುವ ಜಾಗ ತೋರಿಸಿ. ತರಗತಿಯಲ್ಲಿ ನಾನು ಕಲಿತದ್ದರಲ್ಲಿ ಇದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು.

ಹಾಗಾದರೆ ಮೋಸ ಎಲ್ಲಿ ಶುರುವಾಗುತ್ತದೆ? ನನ್ನ ಪ್ರಕಾರ, ಓದುವವರು ಪರೀಕ್ಷಿಸಿ ನೋಡುವ ದಾರಿಯನ್ನು ಜಾಹೀರಾತು ಮುಚ್ಚಿದಾಗ.

ಬಾಯಿ ಮುಕ್ಕಳಿಸುವ ದ್ರವ ಲಿಸ್ಟರಿನ್ ಮೊದಲು, 1879ರಲ್ಲಿ, ಶಸ್ತ್ರಚಿಕಿತ್ಸೆಗೆಂದು ತಯಾರಾದ ಕ್ರಿಮಿನಾಶಕ. 1920ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಬಾಯಿ ವಾಸನೆಗೆ ಮದ್ದು ಎಂದು ಜೋರಾಗಿ ಮಾರಿದರು. ಒಂದು ಜಾಹೀರಾತಿನಲ್ಲಿ ಎಡ್ನಾ ಎಂಬ ಹೆಣ್ಣು. ಮೂವತ್ತು ಹತ್ತಿರ ಬರುತ್ತಿದೆ, ಮದುವೆ ಆಗಿಲ್ಲ. ಕಾರಣ ಬಾಯಿ ವಾಸನೆ ಎಂದು ಸೂಚನೆ. ಆಮೇಲೆ ಒಂದು ಮಾತು ಬರುತ್ತದೆ: ಇದನ್ನು ನಿಮ್ಮ ಆಪ್ತ ಗೆಳೆಯರೂ ನಿಮಗೆ ಹೇಳುವುದಿಲ್ಲ. ಆ ಸಾಲು ಓದಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಗೆಳತಿಯನ್ನು ಕೇಳಿದರೆ ಅವಳು 'ಇಲ್ಲಪ್ಪ, ಏನೂ ವಾಸನೆ ಇಲ್ಲ' ಅನ್ನಬಹುದು. ಆದರೆ ಅವಳ ಮಾತನ್ನು ನಂಬದ ಹಾಗೆ ಜಾಹೀರಾತು ಮೊದಲೇ ಮಾಡಿಬಿಟ್ಟಿದೆ. ಹೆದರಿಕೆ ಹುಟ್ಟಿಸಿ, ಅದನ್ನು ನಿವಾರಿಸಬಲ್ಲವರ ಬಾಯನ್ನೂ ಕಟ್ಟಿದ ಹಾಗೆ. ಇವತ್ತಿನ ಶಾಪಿಂಗ್ ಆ್ಯಪ್‌ಗಳಲ್ಲಿ ಕಾಣುವ 'ಎರಡೇ ಉಳಿದಿವೆ', 'ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ' ಎಂಬ ಸಾಲುಗಳು ಸುಳ್ಳಾಗಿದ್ದಾಗ ಅದೇ ಜಾತಿಗೆ ಸೇರುತ್ತವೆ. ಯೋಚಿಸುವ ಹೊತ್ತನ್ನೇ ಕಿತ್ತುಕೊಳ್ಳುತ್ತವೆ.

ಇನ್ನೊಂದು ಉದಾಹರಣೆ ನನಗೆ ಇನ್ನೂ ಕಷ್ಟದ್ದು. 1964ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಪರವಾಗಿ ಬಂದ ಒಂದು ನಿಮಿಷದ ಜಾಹೀರಾತು. ಪುಟ್ಟ ಹುಡುಗಿ ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ. ಎಣಿಕೆ ಒಂಬತ್ತಕ್ಕೆ ಬಂದಾಗ ಗಂಡಸಿನ ದನಿಯೊಂದು ಹಿಂದಕ್ಕೆ ಎಣಿಸಲು ಶುರುಮಾಡುತ್ತದೆ. ಸೊನ್ನೆಗೆ ಅಣುಬಾಂಬ್ ಸ್ಫೋಟ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಹೆಸರು ಎಲ್ಲೂ ಇಲ್ಲ, ಆತ ಗೆದ್ದರೆ ಅಣುಯುದ್ಧ ಎಂಬ ಸೂಚನೆ ಮಾತ್ರ. ಪ್ರಚಾರವಾಗಿ ಅದು ಪ್ರಸಾರವಾಗಿದ್ದು ಒಂದೇ ಸಲ, ಆಮೇಲೆ ಸುದ್ದಿ ವಾಹಿನಿಗಳೇ ಅದನ್ನು ಮತ್ತೆ ತೋರಿಸಿದವು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ನಡೆದು ಆಗ ಎರಡೇ ವರ್ಷ. ಭಯ ಜನರೊಳಗೆ ಮೊದಲೇ ಇತ್ತು, ಜಾಹೀರಾತು ಅದನ್ನು ಮುಟ್ಟಿತು ಅಷ್ಟೇ. ಬರವಣಿಗೆಯಾಗಿ ಅದ್ಭುತ. ಆದರೆ ಎದುರಾಳಿಯ ಬಗ್ಗೆ ಅದು ನೇರವಾಗಿ ಏನನ್ನೂ ಹೇಳುವುದಿಲ್ಲ, ಹಾಗಾಗಿ ಯಾರೂ ಅದನ್ನು ಸುಳ್ಳು ಎಂದು ತೋರಿಸಲಾರರು. ನಾನಾಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಸಹಪಾಠಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಅಣುಯುದ್ಧದ ಭಯ ನಿಜವೇ ಆಗಿತ್ತಲ್ಲ ಅನ್ನುತ್ತಾರೆ. ಆ ಮಾತಿಗೂ ತೂಕ ಇದೆ.

ನಾನು ಬರೆಯುವಾಗ ಮಾಡುವುದು ಇಷ್ಟು. ಕರಡು ಮುಗಿದ ಮೇಲೆ ಭಾವನೆಯ ಸಾಲುಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಓದುತ್ತೇನೆ. ಆ ವಸ್ತುವಿನ ಬಗ್ಗೆ ಒಂದಾದರೂ ನಿಜ ಸಂಗತಿ ಉಳಿದಿರಬೇಕು. ಉಳಿದಿಲ್ಲ ಅಂದರೆ ಭಾವನೆ ಅಲ್ಲಿ ಖಾಲಿ ಜಾಗ ತುಂಬಲು ಬಂದಿದೆ ಅಂತ ಅರ್ಥ, ಮತ್ತೆ ಮೊದಲಿನಿಂದ ಬರೆಯುತ್ತೇನೆ. ರಕ್ತದಾನದ ಜಾಹೀರಾತು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಜೀವವಿಮೆಯದ್ದು ಕಷ್ಟ. ಸಾವಿನ ಭಯ ನಿಜ, ವಿಮೆಯ ಉಪಯೋಗವೂ ನಿಜ. ಅಂಥ ಜಾಹೀರಾತು ಓದುವವರಿಗೆ ಅಳು ತರಿಸಿದರೂ ನನಗೆ ತಕರಾರಿಲ್ಲ. ಆದರೆ ಯಾವಾಗ ಹಣ ಸಿಗುವುದಿಲ್ಲ ಎಂಬ ಷರತ್ತುಗಳೂ ಅಳು ತರಿಸಿದ ಸಾಲುಗಳಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.